ಹೊಲಿಗೆ ತಪ್ಪಿದರೆ ಮೊದಲು ಸೂಜಿ ನೋಡಿ

ಕೇಳುಗರಿಗೆ ನಮಸ್ಕಾರ.

ಹೊಲಿಗೆ ಯಂತ್ರದಲ್ಲಿ ಟೀ ಶರ್ಟಿನ ಬಟ್ಟೆ ಹೊಲಿಯಲು ಕೂತಿದ್ದೀರಿ. ನಾಲ್ಕು ಹೊಲಿಗೆ ಚೆನ್ನಾಗಿ ಬೀಳುತ್ತದೆ, ಐದನೆಯದು ತಪ್ಪುತ್ತದೆ. ದಾರದ ಟೆನ್ಷನ್ ಬಿಗಿ ಮಾಡಿ, ಸಡಿಲಿಸಿ, ಕೆಳದಾರ ಸುತ್ತಿದ ಬಾಬಿನ್ ತೆಗೆದು ಮತ್ತೆ ಹಾಕಿದರೂ ಅದೇ ಕಥೆ. ನಾನೂ ಹೀಗೆ ಟೆನ್ಷನ್ ತಿರುಗಿಸುತ್ತಾ ಎಷ್ಟೋ ಹೊತ್ತು ಕಳೆದವಳು. ತೊಂದರೆ ಇದ್ದದ್ದು ಸೂಜಿಯ ಮೊನೆಯಲ್ಲಿ.

ಸೂಜಿ ಕೆಳಗಿಳಿದು ಮತ್ತೆ ಮೇಲೇಳತೊಡಗಿದಾಗ ಅದರ ಕಣ್ಣಿನ ಹಿಂದೆ ದಾರ ಪುಟ್ಟ ಕುಣಿಕೆಯಾಗಿ ಉಬ್ಬುತ್ತದೆ. ಕೆಳಗೆ ತಿರುಗುವ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್ ಸುತ್ತ ಹಾಯಿಸಿದರೆ ಮಾತ್ರ ಹೊಲಿಗೆ ಬೀಳುತ್ತದೆ. ಟೀ ಶರ್ಟಿನ ಬಟ್ಟೆ ನೇಯ್ದದ್ದಲ್ಲ, ಹೆಣೆದದ್ದು. ಹಿಗ್ಗುವ ಗುಣ ಅದಕ್ಕೆ. ಸೂಜಿ ಮೇಲೆದ್ದಾಗ ಬಟ್ಟೆಯೂ ಅಂಟಿಕೊಂಡು ಮೇಲೇಳುತ್ತದೆ, ಕುಣಿಕೆ ಮೂಡುವುದೇ ಇಲ್ಲ. ಚೂಪು ಮೊನೆಯಾದರೆ ಇನ್ನೊಂದು ಕಷ್ಟ: ಎಳೆ ಕಡಿದು, ಒಗೆದ ಮೇಲೆ ಹೊಲಿಗೆಯ ಪಕ್ಕದಲ್ಲೇ ತೂತುಗಳು ಕಾಣುತ್ತವೆ. ಇಂಥ ಬಟ್ಟೆಗೆ ಬಾಲ್ ಪಾಯಿಂಟ್ ಸೂಜಿ ಬೇಕು. ಅದರ ಮೊನೆ ದುಂಡಗೆ, ಎಳೆಗಳನ್ನು ಕಡಿಯದೆ ಪಕ್ಕಕ್ಕೆ ಸರಿಸಿ ನುಗ್ಗುತ್ತದೆ. ಲೈಕ್ರಾದಂತೆ ಬಹಳ ಹಿಗ್ಗುವ ಬಟ್ಟೆಗೆ ಸ್ಟ್ರೆಚ್ ಸೂಜಿಯೇ ಸರಿ.

ಮೊನೆಯನ್ನು ಬಟ್ಟೆಯ ಜಾತಿ ನೋಡಿ ಆರಿಸಿದರೆ, ಸೂಜಿಯ ನಂಬರನ್ನು ಬಟ್ಟೆಯ ದಪ್ಪ ನೋಡಿ ಆರಿಸಬೇಕು. ಪೊಟ್ಟಣದ ಮೇಲೆ 80/12 ಎಂದಿದ್ದರೆ ಸೂಜಿಯ ದಪ್ಪ 0.8 ಮಿಲಿಮೀಟರ್, 12 ಅದೇ ದಪ್ಪಕ್ಕೆ ಇನ್ನೊಂದು ಪದ್ಧತಿಯ ಹೆಸರು. ಶರ್ಟಿನ ಹತ್ತಿಗೆ 80, ಶಿಫಾನಿನಂಥ ತೆಳುಬಟ್ಟೆಗೆ 60 ಅಥವಾ 70, ಜೀನ್ಸಿಗೆ 100ರ ಆಸುಪಾಸು. ರೇಷ್ಮೆಗೆ ಮೈಕ್ರೋಟೆಕ್ಸ್ ಎಂಬ ಸಪೂರ, ಚೂಪು ಮೊನೆಯ ಸೂಜಿ ಹಾಕಿದರೆ ಹೊಲಿಗೆ ನೇರವಾಗಿ ಬೀಳುತ್ತದೆ. ಚರ್ಮದ ಸೂಜಿಯ ಮೊನೆ ಉಳಿಯಂತೆ ಕತ್ತರಿಸುತ್ತದೆ. ಅದನ್ನು ಬಟ್ಟೆಗೆ ಖಂಡಿತ ಹಾಕಬೇಡಿ. ಚರ್ಮದಲ್ಲಿ ಬಿದ್ದ ತೂತು ಮತ್ತೆ ಮುಚ್ಚುವುದಿಲ್ಲ, ಹಾಗಾಗಿ ಅಲ್ಲಿ ಬಿಚ್ಚಿ ಹೊಲಿಯುವ ಅವಕಾಶವೂ ಇಲ್ಲ.

ದಾರವನ್ನೂ ಮರೆಯಬಾರದು. ಸೂಜಿಯನ್ನು ಕೈಯಲ್ಲೇ ದಾರಕ್ಕೆ ಪೋಣಿಸಿ, ದಾರವನ್ನು ಓರೆಯಾಗಿ ಎಳೆದು ಹಿಡಿಯಿರಿ. ಸೂಜಿ ತಾನಾಗಿ ಜಾರಿ ಇಳಿದರೆ ಸರಿ. ತಡೆದು ನಿಂತರೆ ಕಣ್ಣು ಚಿಕ್ಕದಾಯಿತು. ಹೊಲಿಯುವಾಗ ದಾರ ಉಜ್ಜಿ ಎಳೆ ಬಿಚ್ಚಿಕೊಳ್ಳುತ್ತದೆ.

ಮುರಿಯುವವರೆಗೂ ಒಂದೇ ಸೂಜಿಯಲ್ಲಿ ಹೊಲಿಯುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಸುಮಾರು 8 ಗಂಟೆ ಹೊಲಿದ ಮೇಲೆ ಸೂಜಿ ಬದಲಿಸಿ. ಗುಂಡುಸೂಜಿಗೆ ಬಡಿದಿದ್ದರೆ ಆಗಲೇ ಬದಲಿಸಿ. ಬಟ್ಟೆ ಚುಚ್ಚುವಾಗ ಟಪ್ ಟಪ್ ಸದ್ದು ಬಂದರೆ ಮೊನೆ ಮೊಂಡಾಗಿದೆ ಎಂದೇ ತಿಳಿಯಿರಿ. ಹೊಸ ಸೂಜಿಯ ಚಪ್ಪಟೆ ಬದಿ ಹೆಚ್ಚಿನ ಮನೆ ಯಂತ್ರಗಳಲ್ಲಿ ಹಿಂದಕ್ಕೆ ಬರಬೇಕು. ಕೆಲವು ಯಂತ್ರಗಳಲ್ಲಿ ಬೇರೆ. ಕೈಪಿಡಿ ನೋಡಿಯೇ ಹಾಕಿ.

ಆಮೇಲೆ ಅದೇ ಬಟ್ಟೆಯ ಚೂರನ್ನು ಎರಡು ಪದರ ಮಡಚಿ ಒಂದು ಗೇಣು ಹೊಲಿಯಿರಿ, ಹಿಗ್ಗಿಸಿ ನೋಡಿ. ಅಲ್ಲಿ ಒಂದು ಹೊಲಿಗೆಯೂ ತಪ್ಪದಿದ್ದರೆ ಕತ್ತರಿಸಿಟ್ಟ ಬಟ್ಟೆಯನ್ನು ಕೈಗೆತ್ತಿಕೊಳ್ಳಿ. ನಮಸ್ಕಾರ.