ಭಾಗ ಬದಲಿಸುವ ಮೊದಲು

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ, ಮಳೆಗಾಲಕ್ಕೆ ಇನ್ನೇನು ವಾರ ಉಳಿದಿದೆ ಎನ್ನುವಾಗ, ಕಾರವಾರದ ಬೈತಖೋಲ ಬಂದರಿನಲ್ಲಿ ಮೀನು ತುಂಬಿ ನಿಂತಿದ್ದ ಹಳೆಯ ಮಿನಿ ಲಾರಿಯೊಂದನ್ನು ನೋಡಲು ನನ್ನನ್ನು ಕರೆದಿದ್ದರು. ಕೀಲಿ ತಿರುಗಿಸಿದರೆ ಟಕ್ ಎಂಬ ಒಂದು ಸದ್ದು, ಮತ್ತೆ ಮೌನ. ಒಳಗೆ ಐಸು ಕರಗಿ ಉಪ್ಪುನೀರು ಹಿಂಬದಿಯಿಂದ ಗಾಡಿಯ ಚೌಕಟ್ಟಾದ ಛಾಸಿಯ ಮೇಲೆ ತೊಟ್ಟಿಕ್ಕುತ್ತಿತ್ತು. "ಬ್ಯಾಟರಿ ಹೊಸದು ಮೇಸ್ತ್ರಿ, ಸೆಲ್ಫಿಗೆ ವೈಂಡಿಂಗನ್ನೂ ಹೊಸದಾಗಿ ಮಾಡಿಸಿದ್ದೇನೆ" ಎಂದು ಮಾಲೀಕರು ಕೈಚೆಲ್ಲಿದರು. ಸೆಲ್ಫ್ ಎಂದರೆ ಇಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಮೋಟಾರು. ನಾನು ಮಾಡಿದ್ದು ಇಷ್ಟೇ: ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ನೇರವಾಗಿ ಇಂಜಿನ್ ಬ್ಲಾಕಿನ ಬಣ್ಣವಿಲ್ಲದ ಒಂದು ಬೋಲ್ಟಿಗೂ ಕಚ್ಚಿಸಿ, ಮತ್ತೊಮ್ಮೆ ಕೀಲಿ ತಿರುಗಿಸಲು ಹೇಳಿದೆ. ಇಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಇಂಜಿನ್ನಿಗೂ ಛಾಸಿಗೂ ನಡುವೆ ಇದ್ದು ಕರೆಂಟನ್ನು ಬ್ಯಾಟರಿಯ ಮೈನಸ್ಸಿಗೆ ಮರಳಿಸುವ ತಾಮ್ರದ ಅರ್ಥ್ ಪಟ್ಟಿಯನ್ನು ಬಿಚ್ಚಿ ನೋಡಿದರೆ ಅದು ಹಸಿರು ಪುಡಿಯಾಗಿ ನನ್ನ ಕೈಗೇ ಉದುರಿತು.

ಹಳೆಯ ಗಾಡಿಗಳನ್ನು ಕುರಿತು ಇಂದು ನಾನು ಹೇಳಬೇಕೆಂದಿರುವುದು ಈ ಅನುಭವದಿಂದಲೇ ಹುಟ್ಟಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಯಾವುದೇ ದೋಷ ಕಂಡಾಗ ಮೊದಲು ಸಂಶಯಿಸಬೇಕಾದದ್ದು ನೀರು ಮತ್ತು ತುಕ್ಕನ್ನು. ದುಬಾರಿ ಭಾಗಗಳ ಸರದಿ ಆಮೇಲೆ. ಕೈಯಲ್ಲೊಂದು ಅಗ್ಗದ ಮಲ್ಟಿಮೀಟರ್ ಇದ್ದರೆ ಸಾಕು. ಗಾಡಿ ನಿಂತಿರುವಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ ಅದು 13.8ರಿಂದ 14.4ರ ನಡುವೆ ಏರದಿದ್ದರೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಅದರ ಬೆಲ್ಟು ಇಲ್ಲವೇ ವಯರಿಂಗ್ ಕಡೆ ನೋಡಬೇಕು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಈ ಅಂಕಿಗಳು ಇಮ್ಮಡಿಯಾಗುತ್ತವೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಇಂಜಿನ್ನಿನ ಲೋಹಕ್ಕೂ ತಾಗಿಸಿ ಸೆಲ್ಫ್ ಹೊಡೆದಾಗ ಮುಳ್ಳು ಅರ್ಧ ವೋಲ್ಟ್ ದಾಟಿದರೆ, ಅರ್ಥ್ ಹಾದಿಯಲ್ಲಿ ಎಲ್ಲೋ ತುಕ್ಕು ಕೂತಿದೆಯೆಂದೇ ತಿಳಿಯಿರಿ. ಟರ್ಮಿನಲ್ಲಿನ ಮೇಲೆ ಬಿಳಿಯ ಹೂವು ಅರಳಿದ್ದರೆ ಮೈನಸ್ ಕೇಬಲನ್ನು ಮೊದಲು ಕಳಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು ಒಣಗಿಸಿ, ಬಿಗಿಮಾಡಿದ ಮೇಲೆ ವ್ಯಾಸಲಿನ್ ಸವರಬೇಕು.

ಇನ್ನು ಇಂಜಿನ್ ಕಾದು ಬಿಸಿಯೇರುವ ವಿಚಾರ. ದೇವಿಮನೆ ಘಟ್ಟ ಹತ್ತುವಾಗ ಬಿಸಿ ಮುಳ್ಳು ಏರಿದರೆ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕುವುದಲ್ಲ. ಒತ್ತಡದಲ್ಲಿರುವ ನೀರು ನೂರು ಡಿಗ್ರಿಗಿಂತ ಮೇಲಿದ್ದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಇಂಜಿನ್ ತಣಿದ ಮೇಲೆ ಮೊದಲು ಕೆಂಪು ಮಣ್ಣು ಮೆತ್ತಿದ ರೇಡಿಯೇಟರ್ ರೆಕ್ಕೆಗಳನ್ನೂ, ಫ್ಯಾನ್ ಬೆಲ್ಟನ್ನೂ, ಹೋಸ್ ಪೈಪುಗಳನ್ನೂ ನೋಡಬೇಕು. ಕೆಲವರು, ಇಂಜಿನ್ ಬೆಚ್ಚಗಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟನ್ನು ಕಿತ್ತು ಬಿಸಾಡುವುದನ್ನೇ ಚಿಕಿತ್ಸೆಯೆಂದು ಭಾವಿಸಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಹಾಗೆ ಮಾಡಿದ ಇಂಜಿನ್ ಸರಿಯಾಗಿ ಬೆಚ್ಚಗಾಗದೆ ಹೆಚ್ಚು ಇಂಧನ ಕುಡಿಯುತ್ತದೆ, ಬೇಗ ಸವೆಯುತ್ತದೆ. ಸಮುದ್ರದ ಪಕ್ಕದ ಸವಳು ಬಾವಿಯ ನೀರನ್ನು ರೇಡಿಯೇಟರಿಗೆ ಸುರಿಯುವವರ ಬಗ್ಗೆ ಹೆಚ್ಚೇನೂ ಹೇಳಬೇಕಾಗಿಲ್ಲ. ಆ ನೀರಿನ ಫಲ ಅವರಿಗೇ ಕಾಣಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣದ ಕೆನೆ ಕಂಡೊಡನೆ, ಇಂಜಿನ್ನಿನೊಳಗೆ ನೀರೂ ಆಯಿಲೂ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಗಾಬರಿಯಾಗುವವರುಂಟು. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಇಂಜಿನ್ನಿನೊಳಗಿನ ತೇವವೇ ಹಾಗೆ ಕೆನೆಗಟ್ಟುತ್ತದೆ. ಆಯಿಲ್ ಅಳೆಯುವ ಕಡ್ಡಿಯೂ ಅದೇ ಬಣ್ಣ ತೋರಿಸಿ, ಜೊತೆಗೆ ರೇಡಿಯೇಟರಿನ ನೀರು ಕಾರಣವಿಲ್ಲದೆ ಇಳಿಯುತ್ತಾ, ಇಂಜಿನ್ ಓಡುವಾಗ ಅದರಲ್ಲಿ ಗುಳ್ಳೆಗಳು ಏಳುತ್ತಿದ್ದರೆ ಮಾತ್ರ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಬಲವಾಗಬೇಕು.

ಡೀಸೆಲ್ ಗಾಡಿ ತಡೆತಡೆದು ಓಡಿ ನಿಂತುಬಿಟ್ಟರೆ ಫಿಲ್ಟರಿನ ಬುಡದ ಡ್ರೈನ್ ತಿರುಪನ್ನು ಸಡಿಲಿಸಿ, ಹೊರಬಂದದ್ದನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ. ನೀರು ಡೀಸೆಲಿಗಿಂತ ಭಾರವಾದ್ದರಿಂದ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಹಳೆಯ ಬಗೆಯ ಡೀಸೆಲ್ ಪಂಪಿರುವ ಇಂಜಿನ್ನಿನಲ್ಲಿ ನೀರು ತೆಗೆದ ಮೇಲೆ ಕೈಪಂಪನ್ನು ಒತ್ತುತ್ತಾ, ಫಿಲ್ಟರಿನ ತಲೆಯ ಗಾಳಿ ತಿರುಪಿನಲ್ಲಿ ಗುಳ್ಳೆ ನಿಲ್ಲುವವರೆಗೆ ಡೀಸೆಲ್ ಹರಿಯಬಿಟ್ಟರೆ ಆಯಿತು. ಅತಿ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಬಗೆಯ ಕಾಮನ್ ರೈಲ್ ಇಂಜಿನ್ನಿನ ನಾಝಲ್ ಪೈಪುಗಳನ್ನು ಮಾತ್ರ ಹೀಗೆ ಬಿಚ್ಚಲು ಹೋಗಬಾರದು, ಅಲ್ಲಿನ ಒತ್ತಡ ಚರ್ಮವನ್ನೇ ಸೀಳಬಲ್ಲದು.

ಕೊನೆಗೆ ಬ್ರೇಕು. ಶಿರಸಿಯ ಅಡಿಕೆ ಲಾರಿಯವರಿಗೂ, ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಬರುವವರಿಗೂ ಇದು ಪ್ರಾಣದ ಪ್ರಶ್ನೆ. ಇಳಿಜಾರಿನಲ್ಲಿ ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಉಜ್ಜಿ ಚಕ್ರವನ್ನು ತಡೆಯುವ ಬ್ರೇಕ್ ಲೈನರ್ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲ್ ಮೆತ್ತಗಾಗಿ ಪೂರಾ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದಿದಿದೆ ಅಥವಾ ಎಲ್ಲೋ ಸೋರುತ್ತಿದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನವರೆಗೆ ತಡೆಯುತ್ತದೆ. ಗಾಳಿಯ ತೇವ ಕುಡಿದಂತೆಲ್ಲ ಅದರ ಕುದಿಬಿಂದು ಇಳಿಯುತ್ತಾ ಹೋಗಿ 140ರ ಆಸುಪಾಸಿಗೆ ಬರಬಹುದು. ಆದ್ದರಿಂದ ನಮ್ಮಂಥ ತೇವದ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಅವಶ್ಯ, ಘಟ್ಟ ಹತ್ತಿದ ಗೇರಿನಲ್ಲೇ ಇಳಿಯುವುದು ಅದಕ್ಕಿಂತ ಅವಶ್ಯ. ಗಾಳಿ ಬ್ರೇಕಿನ ಲಾರಿಯವರು ಯಲ್ಲಾಪುರ ದಾಟಿ ಇಳಿಜಾರು ಶುರುವಾಗುವ ಮುನ್ನ ಪಕ್ಕಕ್ಕೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಏರ್ ಟ್ಯಾಂಕಿನ ಡ್ರೈನ್ ಕಾಕನ್ನು ಎಳೆಯಲಿ. ಬರೀ ನೀರು ಬಂದರೆ ಅದು ಮಳೆಗಾಲದ ಮಾಮೂಲು. ನೀರಿನೊಂದಿಗೆ ಕಪ್ಪು ಎಣ್ಣೆ ಬಂದರೆ ಕಂಪ್ರೆಸರಿನ ರಿಂಗುಗಳು ಸವೆದಿರಬಹುದು, ಗ್ಯಾರೇಜಿಗೆ ಹೇಳಬೇಕಾದ ಮಾತು ಅದು. ಹೇಗೂ ಕಾಕ್ ಮುಚ್ಚಿದ ಮೇಲೆ ಗೇಜಿನ ಮುಳ್ಳು ಮತ್ತೆ ಪೂರಾ ಏರುವವರೆಗೆ ಲಾರಿಯನ್ನು ಕದಲಿಸಬಾರದು.

ನಮಸ್ಕಾರ.