ಸಂಜೆ ಏಳರ ಗ್ಲಾಸಿಗೆ ಏನು ಹಾಕೋಣ?

ಈಗ ನೀವು ನೋಡುತ್ತಿರುವುದು ಹುಬ್ಬಳ್ಳಿಯ ದುರ್ಗದ ಬೈಲು. ಸಂಜೆ ಏಳು ಗಂಟೆ. ಒಂದು ಕಡೆ ಗಿರ್ಮಿಟ್ ಕಲಸುತ್ತಿದ್ದಾರೆ, ಇನ್ನೊಂದು ಕಡೆ ಮಿರ್ಚಿ ಎಣ್ಣೆಗೆ ಬೀಳುತ್ತಿದೆ. ಇದೇ ಹೊತ್ತಿಗೆ ಗೆಳೆಯರ ಫೋನ್ ಶುರುವಾಗುತ್ತದೆ. "ಎಲ್ಲಿದ್ದೀಲೇ, ಬರ್ತೀಯಿಲ್ಲೋ?"

ಕುಡಿಯುವುದನ್ನು ಬಿಟ್ಟವರಿಗೆ ಹೆಚ್ಚು ಕಷ್ಟ ಆಗುವುದು ಈ ಒಂದೆರಡು ತಾಸು. ಬೆಳಿಗ್ಗೆ ಹತ್ತಕ್ಕೆ ಯಾರಿಗೆ ನೆನಪಾಗುತ್ತದೆ ಹೇಳಿ. ನಾನು ಬಿಟ್ಟ ಮೇಲೆ ನನಗೆ ನಿಜವಾಗಿ ಬೇಕೆನಿಸಿದ್ದು ಕೈಯಲ್ಲೊಂದು ತಣ್ಣನೆಯ ಗ್ಲಾಸು, ಮುಂದೆ ಒಂದಿಷ್ಟು ಹುರಿದ ಶೇಂಗಾ, ಪಕ್ಕದಲ್ಲಿ ಮಾತಾಡಲು ಜನ. ಇದನ್ನೆಲ್ಲ ಬಿಟ್ಟು ಮನೆಯಲ್ಲಿ ಸುಮ್ನೆ ಗೋಡೆ ನೋಡುತ್ತಾ ಕೂತರೆ ಯಾರಿಗಾದರೂ ಬೇಜಾರಾಗುತ್ತದೆ. ಗ್ಲಾಸು ಇರಲಿ, ಶೇಂಗಾ ಇರಲಿ, ಒಳಗೆ ಹಾಕುವುದನ್ನು ಬದಲಾಯಿಸೋಣ.

ಸಿಹಿ ಜ್ಯೂಸು ಮಾತ್ರ ಬೇಡ. ಕಬ್ಬಿನ ಹಾಲು ನನಗೂ ತುಂಬಾ ಇಷ್ಟ, ಆದರೆ ಎರಡು ನಿಮಿಷದಲ್ಲಿ ಗ್ಲಾಸು ಖಾಲಿ, ಆಮೇಲೆ ಏನು ಮಾಡುವುದು? ಮದ್ಯದಲ್ಲಿ ಉರಿ ಇರುತ್ತದೆ, ಕಹಿ ಇರುತ್ತದೆ, ಅದಕ್ಕೇ ಜನ ಅದನ್ನು ಗುಟುಕು ಗುಟುಕಾಗಿ ಕುಡಿಯುತ್ತಾ ಕೂರುತ್ತಾರೆ. ನಮ್ಮ ಗ್ಲಾಸಿನಲ್ಲೂ ಹುಳಿ, ಉಪ್ಪು, ಖಾರ, ಸೋಡಾದ ಚುರುಕು, ಇವುಗಳಲ್ಲಿ ಎರಡಾದರೂ ಇರಬೇಕು.

ನನ್ನ ಮೊದಲ ಆಯ್ಕೆ ಕೋಕಂ, ಅಂದರೆ ಮುರುಗಲು ಹಣ್ಣು. ಶಿರಸಿ ಕಡೆಯಿಂದ ಬರುವ ಒಣ ಸಿಪ್ಪೆ ಒಂದು ಹಿಡಿ ತಗೊಳ್ಳಿ, ಎರಡು ತಾಸು ನೀರಲ್ಲಿ ನೆನೆಸಿ, ಚೆನ್ನಾಗಿ ಹಿಚುಕಿ ಸೋಸಿ. ಅದಕ್ಕೆ ಸ್ವಲ್ಪೇ ಸ್ವಲ್ಪ ಬೆಲ್ಲ, ಕಪ್ಪು ಉಪ್ಪು, ಹುರಿದು ಪುಡಿ ಮಾಡಿದ ಜೀರಿಗೆ, ಜಜ್ಜಿದ ಒಂದು ಹಸಿಮೆಣಸಿನಕಾಯಿ. ಕುಡಿಯುವ ಹೊತ್ತಿಗೆ ಐಸು, ಮೇಲೆ ಸೋಡಾ. ಬಣ್ಣ ನೋಡಿ, ಎಷ್ಟು ಗಾಢ ಕೆಂಪು! ಪಾರ್ಟಿಯಲ್ಲಿ ಇದನ್ನು ಹಿಡಿದು ಕೂತರೆ "ಯಾಕೆ ತಗೊಳ್ತಿಲ್ಲ" ಅಂತ ಯಾರೂ ಕೇಳುವುದಿಲ್ಲ, ಅದೇ ದೊಡ್ಡ ನೆಮ್ಮದಿ. ಏಪ್ರಿಲ್ ಹೊತ್ತಿಗೆ ಮಾವಿನಕಾಯಿ ಬೇಯಿಸಿ ಪುದೀನಾ ಹಾಕಿ ಪನ್ನಾ ಮಾಡಬಹುದು. ಮಳೆಗಾಲದಲ್ಲಿ ಧಾರವಾಡದ ಚಳಿಗೆ ಶುಂಠಿ, ಕಾಳುಮೆಣಸಿನ ಕಷಾಯವೇ ಸರಿ, ಗಂಟಲಲ್ಲಿ ಆ ಬಿಸಿ ಇಳಿಯುವುದು ಗೊತ್ತಾಗಬೇಕು. ಇಂಗು, ಶುಂಠಿ ಹಾಕಿದ ಮಜ್ಜಿಗೆ ಬಗ್ಗೆ ನಮ್ಮ ಜನಕ್ಕೆ ನಾನು ಹೇಳುವುದೇನಿದೆ.

ಆಲ್ಕೋಹಾಲ್ ಇಲ್ಲದ ಬಿಯರ್ ಬಗ್ಗೆ ತುಂಬಾ ಜನ ಕೇಳುತ್ತೀರಿ. ಕೆಲವರಿಗೆ ಸರಿಹೋಗುತ್ತದೆ. ಆದರೆ ಅದೇ ವಾಸನೆ, ಅದೇ ರುಚಿ ಹಳೆಯ ಆಸೆಯನ್ನು ಎಬ್ಬಿಸಲೂಬಹುದು, ಹೊಸದಾಗಿ ಬಿಟ್ಟವರು ದೂರ ಇರುವುದೇ ವಾಸಿ ಅಂತ ನನ್ನ ಅಭಿಪ್ರಾಯ. ಇನ್ನೊಂದು, ಹಸಿದ ಹೊಟ್ಟೆಯಲ್ಲಿ ಸೆಳೆತ ಜಾಸ್ತಿ. ಆರೂವರೆಗೇ ಒಂದು ಪ್ಲೇಟು ಗಿರ್ಮಿಟ್ ತಿಂದುಬಿಡಿ. ಆಮೇಲೂ ಆಸೆ ಬರಬಹುದು, ಏರಬಹುದು, ಆದರೆ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಇಳಿಯುತ್ತದೆ. ಆ ಅರ್ಧ ತಾಸು ಉಣಕಲ್ ಕೆರೆ ದಂಡೆಯಲ್ಲಿ ನಡೆಯಿರಿ.

ಒಂದು ಮಾತು ಗಂಭೀರವಾಗಿ ಕೇಳಿಸಿಕೊಳ್ಳಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಬಾರದು. ಕೈನಡುಕ, ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು, ಜೀವಕ್ಕೇ ಅಪಾಯ ಆಗಬಹುದು. ಕೋಕಂ ಅದಕ್ಕೆ ಔಷಧಿ ಅಲ್ಲ. ಧಾರವಾಡದಲ್ಲೇ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ, ಅಲ್ಲಿನ ವೈದ್ಯರನ್ನು ಕಾಣಿ. ಫೋನಲ್ಲಿ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಇದರಲ್ಲಿ ನಾಚಿಕೆ ಏನೂ ಇಲ್ಲರೀ.

ಇನ್ನು ಉಳಿದದ್ದು ಶನಿವಾರ ರಾತ್ರಿಯ ಪಾರ್ಟಿ. ನನ್ನ ಪ್ರಕಾರ ಇದಕ್ಕೆ ಒಂದೇ ದಾರಿ, ಭಾನುವಾರ ನಸುಕಿನಲ್ಲಿ ಏನಾದರೂ ಆಸೆ ಹುಟ್ಟಿಸುವಂಥದ್ದು ಇಟ್ಟುಕೊಳ್ಳುವುದು. ಬೆಳಿಗ್ಗೆ ನಾಲ್ಕಕ್ಕೆ ಏಳಬೇಕು ಅಂದರೆ ರಾತ್ರಿ ತಾನಾಗಿ ಚಿಕ್ಕದಾಗುತ್ತದೆ. ನನಗೆ ಅಂಥದ್ದು ಹಕ್ಕಿ ನೋಡುವುದು. ಈ ದೃಶ್ಯ ಗದಗ ಜಿಲ್ಲೆಯ ಮಾಗಡಿ ಕೆರೆಯದು, ಶಿರಹಟ್ಟಿ ಕಡೆ. ತಲೆ ಮೇಲೆ ಎರಡು ಕಪ್ಪು ಪಟ್ಟೆ ಇರುವ ಈ ಹೆಬ್ಬಾತುಗಳು ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ, ನಮ್ಮ ಶೇಂಗಾ ಹೊಲ ಮೇಯುವುದಕ್ಕೆ! 2024ರಲ್ಲಿ ಈ ಕೆರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಹಿಂಡು ಒಟ್ಟಿಗೆ ಎದ್ದಾಗ ಕೇಳುವ ರೆಕ್ಕೆ ಸದ್ದಿಗೆ ಮೈ ಜುಮ್ಮೆನ್ನುತ್ತದೆ, ಅದನ್ನು ಕ್ಯಾಮೆರಾದಲ್ಲಿ ಹಿಡಿಯಲು ಆಗಲೇ ಇಲ್ಲ.

ಮೊದಲು ನಾವು ಇಬ್ಬರೇ ಹೋಗುತ್ತಿದ್ದೆವು. ಈಗ ಹಳೆಯ ಪಾರ್ಟಿ ಗೆಳೆಯರೂ ಬರುತ್ತಾರೆ, ಅವರಲ್ಲಿ ಕೆಲವರು ಇನ್ನೂ ಕುಡಿಯುತ್ತಾರೆ, ಆದರೆ ಶನಿವಾರ ಬಿಟ್ಟಿದ್ದಾರೆ. ಹಕ್ಕಿಗಳು ನವೆಂಬರಿಂದ ಮಾರ್ಚ್‌ವರೆಗೆ ಇರುತ್ತವೆ. ಬರುವವರು ಕೆಳಗೆ ಬರೆಯಿರಿ, ಗಾಡಿಯಲ್ಲಿ ಜಾಗ ಇದೆ, ಫ್ಲಾಸ್ಕಿನಲ್ಲಿ ಕಷಾಯ ನಾನು ತರುತ್ತೇನೆ.