ಎಳೆಯಬೇಡಿ, ತಿರುಗಿಸಿ

ಕೇಳುಗರಿಗೆ ನಮಸ್ಕಾರ. ವೈರ್ ಬೆಸೆಯುವ ಸೋಲ್ಡರಿಂಗ್ ಐರನ್ ಕೈಯಲ್ಲಿ ಹಿಡಿದು ರೇಡಿಯೋ, ಚಾರ್ಜರ್ ಅಂತ ಬಿಚ್ಚಿಕೊಂಡು ಕೂರುವವರ ಜೊತೆ ಇವತ್ತಿನ ಮಾತು. ಐರನ್ನಿನ ಬಿಟ್, ಅಂದರೆ ಕಾಯುವ ತುದಿಕಡ್ಡಿ, ಸವೆದಿದೆ, ಬದಲಾಯಿಸಬೇಕು. ಸ್ಕ್ರೂ ಸಡಿಲಿಸಿದಿರಿ. ಬಿಟ್ ಅಲ್ಲಾಡುತ್ತಿಲ್ಲ. ಈಗ ಕಟಿಂಗ್ ಪ್ಲೇಯರ್ ಹುಡುಕುತ್ತೀರಿ, ಅಲ್ವಾ? ಹುಡುಕಿ. ಆದರೆ ಎಳೆಯಬೇಡಿ. ತಿರುಗಿಸಿ.

ಬಿಟ್ ತಾಮ್ರದ್ದು, ಅದು ಕೂತಿರುವ ಕೊಳವೆ ಉಕ್ಕಿನದು. 300 ಡಿಗ್ರಿಗೂ ಜಾಸ್ತಿ ಕಾವಿನಲ್ಲಿ ದಿನಗಟ್ಟಲೆ ಇದ್ದರೆ ಕಪ್ಪು ಕಿಟ್ಟ ಕಟ್ಟಿ ಸಂದೆಲ್ಲ ತುಂಬಿಕೊಳ್ಳುತ್ತದೆ. ಬಿಸಿಯಲ್ಲಿ ತಾಮ್ರ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ಇನ್ನೂ ಬಿಗಿ. ಅದಕ್ಕೇ ಪ್ಲಗ್ ಕಿತ್ತು, ಪೂರ್ತಿ ಆರಿದ ಮೇಲೆ ಕೈ ಹಾಕಿ.

ನಾನು ಕೆಲಸ ಕಲಿಯುತ್ತಿದ್ದಾಗಿನ ಮಾತು. ನಮ್ಮ ಗುರುಗಳು ಹೊರಗೆ ಹೋಗಿದ್ದರು. ಅವರ ಐರನ್ನನ್ನು ಮೊಣಕಾಲುಗಳ ನಡುವೆ ಒತ್ತಿಕೊಂಡು, ಪ್ಲೇಯರಿನಲ್ಲಿ ಬಿಟ್ ಕಚ್ಚಿ ಹಿಡಿದು, ಉಸಿರು ಬಿಗಿಹಿಡಿದು ಎಳೆದೆ. ಸರ್ರಂತ ಬಂತು! ನೋಡಿದರೆ ಬಿಟ್ ಜೊತೆ ಕೊಳವೆಯೂ ಬಂದಿದೆ. ಸುತ್ತ ಹರಿದ ಅಭ್ರಕದ ಹಾಳೆ, ಕಾವು ಕೊಡುವ ಕೂದಲಿನಂಥ ನೈಕ್ರೋಮ್ ತಂತಿ ತುಂಡಾಗಿ ಜೋತಾಡುತ್ತಿದೆ. ಸುಮ್ನೆ ಒಳಗೆ ತುರುಕಿಟ್ಟೆ. ಅವರು ಬಂದರು, ಪ್ಲಗ್ ಹಾಕಿದರು, ಐದು ನಿಮಿಷ ಕಾದರು. ಒದ್ದೆ ಸ್ಪಂಜಿಗೆ ಮುಟ್ಟಿಸಿದರು. ಚುಂಯ್ ಅನ್ನಲಿಲ್ಲ. ಫ್ಯೂಸ್ ನೋಡಿದರು. ವೈರ್ ನೋಡಿದರು. ನಾನು ನೆಲ ನೋಡುತ್ತಿದ್ದೆ. ಕೊನೆಗೆ ಹಿಡಿ ಬಿಚ್ಚಿದಾಗ ಅಭ್ರಕದ ಚೂರುಗಳು ಅವರ ಮಡಿಲಿಗೇ ಉದುರಿದವು. ಬೈಯಲಿಲ್ಲ. "ಮೊಳೆ ಕೀಳೋ ಹಾಗೆ ಕಿತ್ತಿದ್ದೀಯಲ್ಲೋ, ತಿರುಗಿಸೋಕೆ ಏನಾಗಿತ್ತು?" ಅಂದರು.

ಈಗ ನೀವು ಮಾಡುವುದಿಷ್ಟು. ಒಂದು ಪ್ಲೇಯರಿನಲ್ಲಿ ಕೊಳವೆಯನ್ನು ಹಗುರವಾಗಿ ಹಿಡಿಯಿರಿ, ಅದು ತಿರುಗಬಾರದು. ಇನ್ನೊಂದರಲ್ಲಿ ಬಿಟ್ ಹಿಡಿದು ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ತಿರುಗಿಸಿ. ಕರಕರ ಅಂದರೆ ಕಿಟ್ಟ ಒಡೆಯುತ್ತಿದೆ ಅಂತ ಅರ್ಥ. ಜಗ್ಗಲಿಲ್ಲವೇ? ತುಕ್ಕು ಬಿಡಿಸುವ ಎಣ್ಣೆ ಒಂದೇ ಹನಿ ಹಾಕಿ, ರಾತ್ರಿಯಿಡೀ ಬಿಟ್ಟು, ಮತ್ತೆ ತಿರುಗಿಸಿ. ಸುತ್ತಿಗೆ ಬೇಡ. ದಯವಿಟ್ಟು ಬೇಡ. ಒಳಗಿರುವುದು ಸೆರಾಮಿಕ್ ಹೀಟರ್ ಆದರಂತೂ ಬಳಪದ ಕಡ್ಡಿಯ ಹಾಗೆ ಲಟಕ್ ಅನ್ನುತ್ತದೆ.

ಅಯ್ಯೋ, ಸಮಯ ಮುಗಿಯುತ್ತಾ ಬಂತು, ಆಚೆಯಿಂದ ಕೈಸನ್ನೆ ಮಾಡುತ್ತಿದ್ದಾರೆ. ಶುಚಿ ಮಾಡುವುದನ್ನು ಓಡುತ್ತಾ ಹೇಳುತ್ತೇನೆ. ಕೊಳವೆಯನ್ನು ತಲೆಕೆಳಗು ಮಾಡಿ ತಟ್ಟಿ, ಕಪ್ಪು ಪುಡಿ ಉದುರಲಿ. ಎಣ್ಣೆ ಪೂರ್ತಿ ಒರೆಸಿ, ಇಲ್ಲದಿದ್ದರೆ ಕಾಯುವಾಗ ಹೊಗೆ. ಬರೀ ತಾಮ್ರದ ಬಿಟ್ ಆದರೆ ತುದಿಗೆ ಅರ ಹಾಕಬಹುದು. ಕಬ್ಬಿಣದ ಲೇಪವಿದ್ದರೆ ಅರ ಮುಟ್ಟಿಸಲೇಬೇಡಿ. ಲೇಪ ಹೋದರೆ ಒಳಗಿನ ತಾಮ್ರವನ್ನು ಬೆಸೆಯಲು ಕರಗಿಸುವ ಲೋಹ, ಆ ಸೋಲ್ಡರೇ ತಿಂದುಹಾಕುತ್ತದೆ. ಅಂಥದ್ದನ್ನು ಬಿಸಿ ಮಾಡಿ, ಹಿತ್ತಾಳೆಯ ನಾರಿನಲ್ಲಿ ಒರೆಸಿ, ರಾಳ ಮುಟ್ಟಿಸಿ, ತಕ್ಷಣ ಸೋಲ್ಡರ್ ಸವರಿ.

ಮತ್ತೆ ವಾರಕ್ಕೊಮ್ಮೆ, ಐರನ್ ತಣ್ಣಗಿರುವಾಗ, ಸ್ಕ್ರೂ ಸಡಿಲಿಸಿ ಬಿಟ್ಟನ್ನು ಒಂದು ಸುತ್ತು ತಿರುಗಿಸಿ ಬಿಗಿ ಮಾಡಿ. ತಿರುಗಿಸಿ ಅಂದೆ, ಕೇಳಿಸಿತಲ್ಲ? ನಮಸ್ಕಾರ.